ನೆನಪಿದೆ ಎನ್ನುವ ನಾಡಿನಲ್ಲಿ

ಪ್ರಯಾಣ ಹೊರಟವನ ಕೈಗೆ ನೆರೆಹೊರೆಯವರು ಏನಾದರೊಂದು ಕೆಲಸವನ್ನು ಒಪ್ಪಿಸುವುದು ನಮ್ಮ ಕಡೆಯ ವಾಡಿಕೆ. ಕಾಶಿಗೆ ಹೋಗುವವರಿಗೆ ಗಂಗೆಯ ತಂಬಿಗೆಯ ಮಾತು, ತಿರುಪತಿಗೆ ಹೋಗುವವರಿಗೆ ಮುಡಿಪಿನ ಗಂಟು. ಅಮೆರಿಕದಲ್ಲಿಯೂ ಇಂಥ ವಾಡಿಕೆ ಉಂಟೆಂದು ನಾನು ಎಣಿಸಿರಲಿಲ್ಲ. 2024ರ ಜೂನ್ ತಿಂಗಳ ಮೊದಲ ವಾರ, ನ್ಯೂ ಹ್ಯಾಂಪ್‌ಷೈರ್ ಸಂಸ್ಥಾನದ ನ್ಯಾಷುವಾ ಪಟ್ಟಣದಲ್ಲಿರುವ ನನ್ನ ತಮ್ಮನ ಮನೆಯಿಂದ ನಾವು ಗಡಿಯಾಚೆಯ ಫ್ರೆಂಚು ನಗರಗಳನ್ನು ನೋಡಲು ಕಾರಿನಲ್ಲಿ ಹೊರಡುವವರಿದ್ದೆವು. ಹಿಂದಿನ ಸಂಜೆ ಪಕ್ಕದ ಮನೆಯ ಮುದುಕರು ಬಂದು ಹಳೆಯ ಲಕೋಟೆಯೊಂದನ್ನು ಮೇಜಿನ ಮೇಲಿಟ್ಟರು.

ಒಳಗೆ ನಾಲ್ಕು ಪುಟಗಳ ಕಾಗದ. 1936ರ ಮಾರ್ಚಿಯಲ್ಲಿ ಅವರ ಅಜ್ಜಿಗೆ ಅಜ್ಜಿಯ ತಂಗಿ ಕ್ವಿಬೆಕ್ ಪ್ರಾಂತದ ಹಳ್ಳಿಯೊಂದರಿಂದ ಬರೆದದ್ದು. ಅಜ್ಜಿ ಅದನ್ನು ಪ್ರಾರ್ಥನೆಯ ಪುಸ್ತಕದಲ್ಲಿಟ್ಟು ಕಾಪಾಡಿದ್ದಳಂತೆ. “ನನಗೆ ಫ್ರೆಂಚಿನಲ್ಲಿ ಒಂದು ಪ್ರಾರ್ಥನೆ, ಎರಡು ಬೈಗುಳ ಬಿಟ್ಟರೆ ಏನೂ ಬಾರದು. ನನ್ನ ಮಕ್ಕಳಿಗೆ ಅದೂ ಇಲ್ಲ. ಅಲ್ಲಿ ಯಾರಾದರೂ ಓದಿ ಹೇಳಿದರೆ ಕೇಳಿಕೊಂಡು ಬನ್ನಿ” ಎಂದರು. ಈಗಿನ ಕಾಲದಲ್ಲಿ ಕೈಯೊಳಗಿನ ದೂರವಾಣಿಯೇ ಭಾಷಾಂತರ ಮಾಡುತ್ತದೆಂದು ನನ್ನ ತಮ್ಮ ಅದರ ಮುಂದೆ ಕಾಗದವನ್ನು ಹಿಡಿದು ನೋಡಿದ. ಮಾಸಿದ ಶಾಯಿಯ ಆ ಬರಹವನ್ನು ಕಂಡು ಯಂತ್ರ ತೊದಲಿತು. ಮನುಷ್ಯರೇ ಓದಬೇಕಾಗಿತ್ತು.

ಆ ಮುದುಕರ ಕಥೆ ಒಬ್ಬರ ಕಥೆಯಲ್ಲ. 1840ರಿಂದ 1930ರವರೆಗಿನ ಅವಧಿಯಲ್ಲಿ ಸುಮಾರು ಒಂಬತ್ತು ಲಕ್ಷ ಮಂದಿ ಫ್ರೆಂಚು ಕೆನಡಿಯನ್ನರು ಹೊಲ ಸಾಲದೆ, ಹೊಟ್ಟೆ ತುಂಬದೆ ಗಡಿ ದಾಟಿ ಅಮೆರಿಕಕ್ಕೆ ಬಂದರು. ಅವರಲ್ಲಿ ಬಹುಪಾಲು ಜನ ಸೇರಿದ್ದು ನ್ಯೂ ಇಂಗ್ಲೆಂಡಿನ ಹತ್ತಿ ಗಿರಣಿಗಳನ್ನು. ಲೊವೆಲ್, ಮ್ಯಾಂಚೆಸ್ಟರ್, ನ್ಯಾಷುವಾಗಳ ಗಿರಣಿಯ ಕೇರಿಗಳು ‘ಚಿಕ್ಕ ಕೆನಡಾ’ಗಳಾದವು. ಅಲ್ಲಿ ಫ್ರೆಂಚು ಚರ್ಚು, ಫ್ರೆಂಚು ಶಾಲೆ, ಫ್ರೆಂಚು ಪತ್ರಿಕೆ ಎಲ್ಲವೂ ಇದ್ದವು. 1922ರಲ್ಲಿ ಲೊವೆಲ್‌ನಲ್ಲಿ ಹುಟ್ಟಿದ ಕಾದಂಬರಿಕಾರ ಜಾಕ್ ಕೆರುವಾಕ್‌ನ ಮೊದಲ ಭಾಷೆಯೂ ಫ್ರೆಂಚೇ. ಒಂದೆರಡು ತಲೆಮಾರುಗಳಲ್ಲಿ ಅದೆಲ್ಲ ಕರಗಿಹೋಯಿತು. ಯಾರೂ ಅದನ್ನು ಬಲವಂತವಾಗಿ ಕಿತ್ತುಕೊಂಡರೆಂದು ಆ ಮುದುಕರು ದೂರಲಿಲ್ಲ. “ಊಟದ ಮೇಜಿನಲ್ಲಿ ಹಿರಿಯರು ಫ್ರೆಂಚಿನಲ್ಲಿ ಕೇಳುತ್ತಿದ್ದರು, ನಾವು ಇಂಗ್ಲಿಷಿನಲ್ಲಿ ಉತ್ತರ ಹೇಳುತ್ತಿದ್ದೆವು. ಅಷ್ಟೇ” ಎಂದರು.

ಈ ಮಾತು ಬಂದಾಗ ನನ್ನ ತಮ್ಮನ ಹೆಂಡತಿ ಮಗಳ ಮುಖವನ್ನು ನೋಡಿದಳು. ಹನ್ನೆರಡು ವರ್ಷದ ಆ ಹುಡುಗಿ ಅಲ್ಲಿಯೇ ಹುಟ್ಟಿದವಳು. ನನ್ನನ್ನು ಬಾಯಿತುಂಬ ‘ದೊಡ್ಡಪ್ಪ’ ಎನ್ನುತ್ತಾಳೆ. ಆಮೇಲಿನದೆಲ್ಲ ಇಂಗ್ಲಿಷು. ಕನ್ನಡ ಅರ್ಥವಾಗುತ್ತದೆ, ನಾಲಗೆಗೆ ಬರುವುದಿಲ್ಲ. ಒಂದು ವರ್ಷ ಭಾನುವಾರದ ಕನ್ನಡ ತರಗತಿಗೆ ಹೋಗಿ ಅಕ್ಷರ ಕಲಿತು ಬಿಟ್ಟವಳು. ಮೈಸೂರಿನಲ್ಲಿ ನನ್ನೊಡನಿರುವ ನಮ್ಮ ತಾಯಿ ಪ್ರತಿ ಶನಿವಾರ ಅವಳೊಡನೆ ದೂರವಾಣಿಯಲ್ಲಿ ಮಾತನಾಡುತ್ತಾರೆ. ಮೊದಲು ಅರ್ಧ ಗಂಟೆ ನಡೆಯುತ್ತಿದ್ದ ಮಾತು ಈಗ ‘ಊಟ ಆಯ್ತು ಅಜ್ಜಿ, ಚೆನ್ನಾಗಿದ್ದೀನಿ ಅಜ್ಜಿ’ ಎಂಬಲ್ಲಿಗೆ ಮುಗಿಯುತ್ತದೆ. ಹುಡುಗಿ ಶಾಲೆಯಲ್ಲಿ ಎರಡು ವರ್ಷದಿಂದ ಕಲಿಯುತ್ತಿರುವ ಭಾಷೆ ಫ್ರೆಂಚು. ಹೀಗೆ ನಮ್ಮ ತಂಡಕ್ಕೆ ದುಭಾಷಿಯೂ ದೊರೆತಂತಾಯಿತು.

ಗಡಿಯ ಕಟ್ಟೆ

ನ್ಯಾಷುವಾದಿಂದ ಮಾಂಟ್ರಿಯಲ್ ನಾನೂರು ಕಿಲೊಮೀಟರಿಗೂ ಮಿಕ್ಕ ದಾರಿ. ವರ್ಮಾಂಟ್ ಸಂಸ್ಥಾನದ ಹಸಿರು ಬೆಟ್ಟಗಳ ನಡುವೆ ಹೆದ್ದಾರಿ ಏರಿ ಇಳಿದು ಸಾಗುತ್ತದೆ. ವರ್ಮಾಂಟ್ ಎಂಬ ಹೆಸರೇ ಹಸಿರು ಬೆಟ್ಟವೆಂಬ ಅರ್ಥದ ಫ್ರೆಂಚು ಮಾತುಗಳಿಂದ ಬಂದುದು. ಎಡಗಡೆಗೆ ಅಲ್ಲಲ್ಲಿ ಮಿಂಚುವ ಉದ್ದನೆಯ ಸರೋವರಕ್ಕೆ ಶಾಂಪ್ಲೇನ್‌ನ ಹೆಸರು. ಕ್ವಿಬೆಕ್ ನಗರವನ್ನು 1608ರಲ್ಲಿ ಸ್ಥಾಪಿಸಿದ ಆತ ಮರುವರ್ಷ ಈ ನೀರಿನವರೆಗೆ ಬಂದಿದ್ದ. ಭಾಷೆ ಹಿಂದೆ ಸರಿದು ಹೋದರೂ ಊರು ನೀರುಗಳ ಹೆಸರುಗಳಲ್ಲಿ ತನ್ನ ಹೆಜ್ಜೆಯನ್ನು ಉಳಿಸಿ ಹೋಗುತ್ತದೆ.

ಅಮೆರಿಕದ ವೀಸಾ ಇದ್ದ ಮಾತ್ರಕ್ಕೆ ಭಾರತೀಯನಿಗೆ ಕೆನಡಾದ ಬಾಗಿಲು ತೆರೆಯುವುದಿಲ್ಲ. ಅದಕ್ಕೆ ಬೇರೆಯೇ ಅರ್ಜಿ, ಬೇರೆಯೇ ಬೆರಳಚ್ಚು. ಗಡಿಯ ಕಟ್ಟೆಯಲ್ಲಿ ಅಧಿಕಾರಿ ನಮ್ಮ ರಹದಾರಿಗಳನ್ನು ತಿರುವಿಹಾಕಿ ನನ್ನ ಉದ್ಯೋಗವೇನೆಂದು ಕೇಳಿದ. ಅಧ್ಯಾಪಕನೆಂದೆ. ಏನನ್ನು ಕಲಿಸುತ್ತೀರಿ ಎಂದ. “ಕನ್ನಡ” ಎಂದೆ. ಆತ ತಲೆಯೆತ್ತಿ, “ಭಾರತದಲ್ಲಿ ಕೆನಡಾವನ್ನು ಕಲಿಸುತ್ತೀರಾ?” ಎಂದು ಸಂತೋಷದಿಂದ ಕೇಳಿದ. ಹಿಂದಿನ ಸೀಟಿನಲ್ಲಿ ಹುಡುಗಿ ನಕ್ಕಳು. ಅದು ಭಾಷೆಯೆಂದೂ, ಅದರ ಸಾಹಿತ್ಯಕ್ಕೆ ಸಾವಿರ ವರ್ಷಕ್ಕೆ ಮೀರಿದ ಚರಿತ್ರೆಯುಂಟೆಂದೂ ಹೇಳಲು ಹೊರಟೆ. ನಮ್ಮ ಹಿಂದೆ ಹತ್ತು ಕಾರುಗಳಿದ್ದವು. ತಮ್ಮ ನನ್ನ ಮೊಣಕೈಯನ್ನು ಅದುಮಿದ. ಕೆನಡಾ ಎಂಬ ಹೆಸರು ಅಲ್ಲಿನ ಮೂಲನಿವಾಸಿಗಳ ‘ಕನಾಟ’ ಎಂಬ ಮಾತಿನಿಂದ ಬಂದುದು. ಅದಕ್ಕೆ ಹಳ್ಳಿ, ಬೀಡು ಎಂಬ ಅರ್ಥ. 1535ರಲ್ಲಿ ಅಲ್ಲಿಗೆ ಬಂದ ಜಾಕ್ ಕಾರ್ತಿಯೇ ಒಂದು ಹಳ್ಳಿಯ ದಾರಿಯನ್ನು ತೋರಿದವರ ಮಾತನ್ನು ನಾಡಿನ ಹೆಸರೆಂದು ತಿಳಿದ. ತಪ್ಪಾಗಿ ಕೇಳಿಸಿಕೊಳ್ಳುವುದು ಆ ನಾಡಿನ ಹಳೆಯ ಸಂಪ್ರದಾಯವೇ ಇರಬೇಕು.

ಕಟ್ಟೆ ದಾಟಿದೊಡನೆ ಮೈಲಿಗಳು ಕಿಲೊಮೀಟರುಗಳಾದವು, ಫಲಕಗಳೆಲ್ಲ ಫ್ರೆಂಚಾದವು. ಮೊದಲ ಕೂಡುರಸ್ತೆಯಲ್ಲಿ ಕೆಂಪು ಎಂಟುಮೂಲೆಯ ಫಲಕದ ಮೇಲೆ ‘ಆರೆ’ ಎಂದು ಬರೆದಿತ್ತು, ಎಂದರೆ ನಿಲ್ಲು. ಫ್ರಾನ್ಸ್ ದೇಶದಲ್ಲಿಯೇ ಈ ಫಲಕದ ಮೇಲೆ ‘ಸ್ಟಾಪ್’ ಎಂಬ ಇಂಗ್ಲಿಷು ಮಾತಿದೆ. ತಾಯಿನಾಡು ಸಡಿಲಬಿಟ್ಟ ಹಗ್ಗವನ್ನು ಇವರು ಬಿಗಿದು ಹಿಡಿದಿದ್ದಾರೆ. ಪ್ಯಾರಿಸಿನವರು ‘ವೀಕೆಂಡ್’ ಎಂದರೆ ಇವರು ವಾರದ ಕೊನೆಯೆಂಬುದಕ್ಕೆ ತಮ್ಮದೇ ಫ್ರೆಂಚು ಮಾತನ್ನು ಬಳಸುತ್ತಾರೆ. ‘ಈಮೇಲ್’ ಎಂಬುದಕ್ಕೆ ‘ಕುರಿಯೆಲ್’ ಎಂಬ ಪದವನ್ನು ಚಲಾವಣೆಗೆ ತಂದವರೂ ಇವರೇ. ಪ್ರತಿ ಕಾರಿನ ಹಿಂದೆಯೂ, ನೋಂದಣಿಯ ಸಂಖ್ಯೆಯ ಕೆಳಗೆ ಒಂದು ಪುಟ್ಟ ವಾಕ್ಯವಿತ್ತು. ಹುಡುಗಿ ಓದಿ ಹೇಳಿದಳು: ‘ನನಗೆ ನೆನಪಿದೆ.’ ಏನು ನೆನಪಿದೆಯೆಂದು ಬರೆದಿರಲಿಲ್ಲ.

ಎರಡು ನುಡಿಗಳ ನಗರ

ಮಾಂಟ್ರಿಯಲ್ ಎಂಬುದು ಇಂಗ್ಲಿಷರ ಬಾಯಿಯ ಹೆಸರು. ಅಲ್ಲಿನವರ ಬಾಯಲ್ಲಿ ಅದು ‘ಮೋಂರೆಯಾಲ್’. ಸೇಂಟ್ ಲಾರೆನ್ಸ್ ನದಿಯ ನಡುವಿನ ದ್ವೀಪದ ಮೇಲೆ, ಇನ್ನೂರಮೂವತ್ತು ಮೀಟರಿನಷ್ಟು ಎತ್ತರದ ಗುಡ್ಡವೊಂದರ ಸುತ್ತ ಹಬ್ಬಿದ ನಗರ. ಗುಡ್ಡದ ತಲೆಗಿಂತ ಎತ್ತರವಾಗಿ ಕಟ್ಟಡವನ್ನು ಕಟ್ಟಕೂಡದೆಂಬ ನಿಯಮ ಅಲ್ಲಿದೆ. ಚಾಮುಂಡಿಬೆಟ್ಟದ ಕೆಳಗೆ ಬೆಳೆದ ನನಗೆ ಆ ನಿಯಮ ಬಹಳ ಹಿಡಿಸಿತು.

1642ರಲ್ಲಿ ಮೇಸೊನೆವ್ ಎಂಬ ಯೋಧನೂ ಜಾನ್ ಮಾನ್ಸ್ ಎಂಬ ಶುಶ್ರೂಷಕಿಯೂ ಕೂಡಿ ಈ ಊರನ್ನು ಸ್ಥಾಪಿಸಿದರು. ಆತನಿಗೆ 1895ರಲ್ಲಿಯೇ ಚೌಕದ ನಡುವೆ ಕಂಚಿನ ವಿಗ್ರಹ ಎದ್ದಿತು. ಆಸ್ಪತ್ರೆಯನ್ನು ಕಟ್ಟಿ ಊರನ್ನು ಬದುಕಿಸಿದ ಆಕೆಯೂ ಸ್ಥಾಪಕಿಯೆಂದು ನಗರ ಅಧಿಕೃತವಾಗಿ ಒಪ್ಪಿಕೊಂಡದ್ದು 2012ರಲ್ಲಿ. ಆ ಚೌಕಕ್ಕೆ ಎದುರಾಗಿರುವ ನೋತ್ರ್ ದಾಮ್ ಚರ್ಚಿನ ಒಳಗೆ ಕಾಲಿಟ್ಟರೆ ಕಣ್ಣಿಗೆ ನೀಲಿಯ ಮಳೆ. ನೀಲಿಯ ಚಾವಣಿಯ ತುಂಬ ಚಿನ್ನದ ನಕ್ಷತ್ರಗಳು. ಕೆಳಗಿನ ಸಾಲಿನ ಬಣ್ಣದ ಗಾಜಿನ ಕಿಟಕಿಗಳಲ್ಲಿ ಬೈಬಲಿನ ಕಥೆಗಳ ಬದಲು ಆ ಊರಿನ ಚರಿತ್ರೆಯೇ ಚಿತ್ರಿತವಾಗಿದೆ. ಚರ್ಚಿನ ಶಿಲ್ಪಿ ಜೇಮ್ಸ್ ಓಡನೆಲ್ ಐರ್ಲೆಂಡಿನ ಪ್ರಾಟೆಸ್ಟೆಂಟ್. ಕಟ್ಟುತ್ತ ಕಟ್ಟುತ್ತ ಕ್ಯಾಥೊಲಿಕನಾದ. ಅದರ ನೆಲಮಾಳಿಗೆಯಲ್ಲಿ ಸಮಾಧಿ ದೊರೆತದ್ದು ಅವನೊಬ್ಬನಿಗೆ ಮಾತ್ರ.

ಆದರೆ ನಾನು ನೋಡಬಂದದ್ದು ಕಲ್ಲುಗಳಿಗಿಂತ ಹೆಚ್ಚಾಗಿ ಫಲಕಗಳನ್ನು. 1960ರವರೆಗೂ ಈ ನಗರದ ಬ್ಯಾಂಕು, ಕಾರ್ಖಾನೆ, ದೊಡ್ಡ ಅಂಗಡಿಗಳ ಮಾತು ಇಂಗ್ಲಿಷು. ಬಹುಸಂಖ್ಯಾತರಾದ ಫ್ರೆಂಚರು ತಮ್ಮ ಊರಿನಲ್ಲಿಯೇ ಕಡಿಮೆ ಸಂಬಳದ ಜನ. ಸೇಂಟ್ ಲಾರೆನ್ಸ್ ಬೀದಿಯ ಪಶ್ಚಿಮಕ್ಕೆ ಇಂಗ್ಲಿಷರ ಬಂಗಲೆಗಳು, ಪೂರ್ವಕ್ಕೆ ಫ್ರೆಂಚರ ಸಾಲುಮನೆಗಳು. ಗಾಬ್ರಿಯೆಲ್ ರ್ವಾ 1945ರಲ್ಲಿ ಪ್ರಕಟಿಸಿದ ಮೊದಲ ಕಾದಂಬರಿ, ಸೇಂಟ್ ಹೆನ್ರಿ ಎಂಬ ಬಡ ಕೇರಿಯ ಒಂದು ಸಂಸಾರದ ಮೂಲಕ ಈ ಬಾಳನ್ನು ಚಿತ್ರಿಸಿತು. 1968ರಲ್ಲಿ ಮಿಷೆಲ್ ತ್ರಾಂಬ್ಲೆ ಅಡುಗೆಮನೆಯ ಹೆಂಗಸರನ್ನು ಕೇರಿಯ ಆಡುಮಾತಿನಲ್ಲಿಯೇ ರಂಗದ ಮೇಲೆ ಮಾತನಾಡಿಸಿದಾಗ ಪಂಡಿತರು ಮೂಗು ಮುರಿದರು, ಜನ ತಮ್ಮ ದನಿಯನ್ನು ಗುರುತಿಸಿದರು. ನಮ್ಮ ಕೈಲಾಸಂ ಅವರಿಗೆ ಆದ ಸ್ವಾಗತವನ್ನು ಬಲ್ಲವರಿಗೆ ಇದು ಹೊಸದಲ್ಲ.

1977ರ ಆಗಸ್ಟಿನಲ್ಲಿ ರೆನೆ ಲೆವೆಕ್ ಅವರ ಸರ್ಕಾರ ಫ್ರೆಂಚು ಭಾಷೆಯ ಸನ್ನದನ್ನು ಶಾಸನವಾಗಿಸಿತು. ಆಡಳಿತ, ಕೆಲಸ, ವ್ಯಾಪಾರ, ಶಾಲೆ ಎಲ್ಲಕ್ಕೂ ಫ್ರೆಂಚೇ ರೂಢಿಯ ಭಾಷೆ. ವಲಸೆ ಬಂದವರ ಮಕ್ಕಳು ಫ್ರೆಂಚು ಶಾಲೆಗೆ ಹೋಗಬೇಕು. ಅಂಗಡಿಯ ಫಲಕದಲ್ಲಿ ಫ್ರೆಂಚಲ್ಲದೆ ಬೇರೆ ಕೂಡದು. ಈ ಕೊನೆಯ ಮಾತನ್ನು 1988ರಲ್ಲಿ ಸರ್ವೋಚ್ಚ ನ್ಯಾಯಾಲಯ ತಳ್ಳಿಹಾಕಿತು. 1993ರಿಂದೀಚೆಗೆ ಬೇರೆ ಭಾಷೆಗೂ ಅವಕಾಶವುಂಟು, ಆದರೆ ಫ್ರೆಂಚು ಎದ್ದು ಕಾಣಬೇಕು. 2022ರಲ್ಲಿ ಕಾನೂನು ಇನ್ನಷ್ಟು ಬಿಗಿಯಾಯಿತು. ಬಿಗಿ ಹೆಚ್ಚಾದಲ್ಲಿ ನಗೆಪಾಟಲೂ ಹುಟ್ಟುತ್ತದೆ. 2013ರಲ್ಲಿ ಭಾಷಾ ಕಚೇರಿಯ ಪರಿಶೀಲಕರು ಇಟಾಲಿಯನ್ ಹೋಟೆಲೊಂದರ ತಿಂಡಿಪಟ್ಟಿಯಲ್ಲಿ ‘ಪಾಸ್ತಾ’ ಎಂಬ ಮಾತನ್ನು ಆಕ್ಷೇಪಿಸಿದರು. ಲೋಕವೆಲ್ಲ ನಕ್ಕಿತು, ಕಚೇರಿಯ ಮುಖ್ಯಸ್ಥೆ ಅಧಿಕಾರವನ್ನೇ ಬಿಡಬೇಕಾಯಿತು. 2017ರಲ್ಲಿ ಪ್ರಾಂತದ ಶಾಸನಸಭೆ, ಅಂಗಡಿಯವರು ಗಿರಾಕಿಗಳನ್ನು ‘ಬೋಂಜೂರ್, ಹಾಯ್’ ಎಂದು ಎರಡು ಭಾಷೆಗಳಲ್ಲಿ ಸ್ವಾಗತಿಸದೆ ‘ಬೋಂಜೂರ್’ ಎಂದಷ್ಟೇ ಹೇಳಲಿ ಎಂದು ಒಮ್ಮತದಿಂದ ಕೋರಿತು. ನಾವು ಹೋದ ಅಂಗಡಿಗಳಲ್ಲಿ ಎರಡೂ ಕೇಳಿಬಂದವು. ಶಾಸನಸಭೆಯ ಕೋರಿಕೆ ನಾಲಗೆಯವರೆಗೆ ತಲುಪುವುದಕ್ಕೆ ಕಾಲ ಬೇಕು.

ಸಂಜೆ ಗುಡ್ಡದ ಮೇಲಿನಿಂದ ನಗರವನ್ನು ನೋಡುತ್ತ ಕುಳಿತಿದ್ದಾಗ ಹುಡುಗಿ, “ದೊಡ್ಡಪ್ಪ, ಕನ್ನಡಕ್ಕೂ ಹೀಗೆ ಕಾನೂನು ಇದೆಯೇ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಪಾಠ ಮಾಡುವ ಹುರುಪು ಬಂದಿತು. 1982ರ ಗೋಕಾಕ್ ಚಳವಳಿಯನ್ನು ವಿವರಿಸಿದೆ. ಅಂಗಡಿಯ ಫಲಕಗಳಲ್ಲಿ ನೂರಕ್ಕೆ ಅರುವತ್ತು ಪಾಲು ಕನ್ನಡವಿರಬೇಕೆಂದು 2024ರಲ್ಲಿ ಆದ ಕಾನೂನನ್ನು ಹೇಳಿದೆ. ಪ್ರಾಥಮಿಕ ಶಿಕ್ಷಣ ಮಾತೃಭಾಷೆಯಲ್ಲಿಯೇ ಆಗಬೇಕೆಂದು ಸರ್ಕಾರ ಒತ್ತಾಯಿಸಲಾಗದೆಂದು 2014ರಲ್ಲಿ ಬಂದ ಸರ್ವೋಚ್ಚ ನ್ಯಾಯಾಲಯದ ತೀರ್ಪನ್ನು ವಿಷಾದದಿಂದ ನೆನೆದೆ. ಅವಳು ಎಲ್ಲವನ್ನೂ ಕೇಳಿ, “ಅಣ್ಣ ಯಾವ ಶಾಲೆಗೆ ಹೋಗುತ್ತಾನೆ?” ಎಂದಳು.

ಅಣ್ಣ ಎಂದರೆ ನನ್ನ ಮಗ. ಅವನು ಓದುವುದು ಇಂಗ್ಲಿಷು ಮಾಧ್ಯಮದಲ್ಲಿ. ಹತ್ತೊಂಬತ್ತು ವರ್ಷದಿಂದ ಕನ್ನಡ ಪಾಠ ಹೇಳಿ ಜೀವನ ಮಾಡುತ್ತಿರುವ ನಾನೇ ಅವನನ್ನು ಅಲ್ಲಿಗೆ ಸೇರಿಸಿದವನು. ಅಂದು ನನಗೆ ನ್ಯಾಯಾಲಯದ ಒತ್ತಾಯವಿರಲಿಲ್ಲ, ಹೆದರಿಕೆಯಿತ್ತು. ಇಂಗ್ಲಿಷು ಮಾಧ್ಯಮವೆಂದೆ. ಅವಳು ಮತ್ತೇನೂ ಕೇಳಲಿಲ್ಲ. ಗುಡ್ಡದ ಮೇಲಿನ ದೊಡ್ಡ ಶಿಲುಬೆಗೆ ದೀಪ ಹತ್ತಿತು.

ರಾಜನ ದಾರಿ

ಮಾಂಟ್ರಿಯಲ್‌ನಿಂದ ಕ್ವಿಬೆಕ್ ನಗರ ಸುಮಾರು ಇನ್ನೂರೈವತ್ತು ಕಿಲೊಮೀಟರು. ಹೆದ್ದಾರಿಯನ್ನು ಬಿಟ್ಟು ಕೆಲವು ದೂರ ನದಿಯ ಉತ್ತರ ದಡದ ಹಳೆಯ ರಸ್ತೆಯಲ್ಲಿ ಹೋದೆವು. 1737ರಲ್ಲಿ ತೆರೆದ ಇದರ ಹೆಸರು ‘ರಾಜನ ದಾರಿ’. ಒಂದು ಪಕ್ಕಕ್ಕೆ ಸಮುದ್ರದಂಥ ನದಿ, ಇನ್ನೊಂದು ಪಕ್ಕಕ್ಕೆ ಹೊಲಗಳು. ಹೊಲಗಳ ಆಕಾರವೇ ವಿಚಿತ್ರ: ರಿಬ್ಬನ್ನಿನಂತೆ ಕಿರಿದಾಗಿ, ನದಿಯಿಂದ ಕಾಡಿನವರೆಗೆ ಉದ್ದಕ್ಕೆ ಚಾಚಿವೆ. ಪ್ರತಿಯೊಬ್ಬ ಒಕ್ಕಲಿಗೂ ನೀರಿನ ದಡದಲ್ಲಿ ಒಂದಿಷ್ಟು ಪಾಲು ಸಿಕ್ಕಲೆಂದು ಫ್ರೆಂಚರ ಕಾಲದಲ್ಲಿ ಹಂಚಿದ್ದು. ಆ ಜಮೀನ್ದಾರಿ ಪದ್ಧತಿ 1854ರಲ್ಲಿ ರದ್ದಾಯಿತು, ಹೊಲದ ಗೆರೆಗಳು ಉಳಿದವು. ಪ್ರತಿ ಊರಿಗೂ ಒಬ್ಬ ಸಂತನ ಹೆಸರು, ಬೆಳ್ಳಿಯಂತೆ ಹೊಳೆಯುವ ಗೋಪುರದ ಒಂದು ಚರ್ಚು.

ರಸ್ತೆಯ ಬದಿಯಲ್ಲಿ ಅಲ್ಲಲ್ಲಿ ‘ಸಕ್ಕರೆಯ ಗುಡಿಸಲು’ ಎಂಬ ಫಲಕಗಳು ಕಂಡವು. ಮಾರ್ಚಿ ಏಪ್ರಿಲ್‌ಗಳಲ್ಲಿ ಹಿಮ ಕರಗುವಾಗ ಮೇಪಲ್ ಮರದ ಕಾಂಡಕ್ಕೆ ತೂತು ಕೊರೆದು, ಒಸರುವ ತಿಳಿರಸವನ್ನು ಹಿಡಿದು ಕಾಯಿಸುತ್ತಾರೆ. ಸುಮಾರು ನಾಲ್ವತ್ತು ಲೀಟರು ರಸ ಬತ್ತಿದರೆ ಒಂದು ಲೀಟರು ಪಾಕ. ಜಗತ್ತಿನ ಮೇಪಲ್ ಪಾಕದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಈ ಪ್ರಾಂತದ್ದೇ. ಋತು ಮುಗಿದಿದ್ದರಿಂದ ಒಲೆಗಳು ತಣ್ಣಗಿದ್ದವು. ಒಂದು ಶೀಸೆ ಕೊಂಡು ರುಚಿ ನೋಡಿದೆ. ನಮ್ಮ ಆಲೆಮನೆಯ ಜೋನಿಬೆಲ್ಲದ ತಂಗಿಯೆನ್ನಬಹುದು. ಅದರಲ್ಲಿ ಹೊಗೆಯ ಕಂಪು ಸ್ವಲ್ಪ ಹೆಚ್ಚು.

ಗೋಡೆಯೊಳಗಿನ ಊರು

‘ಕೆಬೆಕ್’ ಎಂದರೆ ಮೂಲನಿವಾಸಿಗಳ ಮಾತಿನಲ್ಲಿ ನದಿ ಕಿರಿದಾಗುವ ಎಡೆ. ಆ ಎಡೆಯಲ್ಲಿ ಕಡಿದಾಗಿ ಎದ್ದ ಬಂಡೆಯ ಮೇಲೆ ಮೇಲೂರು, ಬುಡದಲ್ಲಿ ಕೆಳಯೂರು. ಕೆಳಯೂರಿನಲ್ಲಿ ಶಾಂಪ್ಲೇನ್ ಮೊದಲ ಮನೆ ಕಟ್ಟಿದ ಜಾಗದಲ್ಲಿ 1688ರ ಒಂದು ಪುಟ್ಟ ಚರ್ಚು. ಅದರ ಮಾಡಿನಿಂದ ಒಂದು ಹಡಗಿನ ಮಾದರಿ ತೂಗುತ್ತದೆ. ಮೇಲೂರಿನ ಸುತ್ತ ನಾಲ್ಕೂವರೆ ಕಿಲೊಮೀಟರಿನ ಕೋಟೆಗೋಡೆ. ಮೆಕ್ಸಿಕೊದಿಂದ ಉತ್ತರಕ್ಕೆ ಆ ಖಂಡದಲ್ಲಿ ಗೋಡೆ ಉಳಿಸಿಕೊಂಡ ನಗರ ಇದೊಂದೇ. 1985ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಬಂಡೆಯಂಚಿನ ಮರದ ಹಲಗೆಯ ವಿಶಾಲವಾದ ಜಗಲಿಯಲ್ಲಿ ನಡೆಯುತ್ತ ಅದರ ಹೆಸರನ್ನು ಓದಿ ನಾನು ನಿಂತುಬಿಟ್ಟೆ. ಡಫರಿನ್ ಜಗಲಿ! 1872ರಿಂದ 1878ರವರೆಗೆ ಕೆನಡಾದ ಗವರ್ನರ್ ಜನರಲ್ ಆಗಿದ್ದ ಡಫರಿನ್, ಬ್ರಿಟಿಷ್ ದಂಡು ತೆರಳಿದ ಮೇಲೆ ಹಳೆಯ ಗೋಡೆಗಳನ್ನು ಕೆಡವಿಹಾಕಲು ಹೊರಟಿದ್ದ ಪೌರರನ್ನು ತಡೆದು ಕೋಟೆಯನ್ನು ಉಳಿಸಿದ. ಅದೇ ಡಫರಿನ್ 1884ರಲ್ಲಿ ಭಾರತಕ್ಕೆ ವೈಸರಾಯಿಯಾಗಿ ಬಂದ. ಮೈಸೂರಿಗೆ ಬಂದುದರ ಸ್ಮಾರಕವಾಗಿ ನಿಂತಿರುವುದೇ ದೇವರಾಜ ಮಾರುಕಟ್ಟೆಯ ಬಳಿಯ ನಮ್ಮ ಚಿಕ್ಕ ಗಡಿಯಾರ. ಅವನ ತರುವಾಯ ಕೆನಡಾದಿಂದಲೇ ಇಲ್ಲಿಗೆ ವೈಸರಾಯಿಯಾಗಿ ಬಂದವನು ಲ್ಯಾನ್ಸ್‌ಡೌನ್. ಹತ್ತಿರದಲ್ಲಿಯೇ ಅವನ ಹೆಸರಿನ ಕಟ್ಟಡವೂ ಇದೆ. ದಿನವೂ ತರಕಾರಿಯ ಚೀಲ ಹಿಡಿದು ದಾಟುವ ಹೆಸರುಗಳನ್ನು ಭೂಮಿಯ ಆ ಕಡೆಯಲ್ಲಿ ಕಂಡಾಗ, ಒಂದೇ ಸಾಮ್ರಾಜ್ಯ ಎರಡು ನಾಡುಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದುದು ಕಣ್ಣಿಗೆ ಕಟ್ಟಿತು.

ದಾರ ಅದಕ್ಕೂ ಹಿಂದಿನದು. ಗೋಡೆಯ ಹೊರಗೆ ಹಬ್ಬಿರುವ ಹುಲ್ಲುಗಾವಲಿಗೆ ಅಬ್ರಹಾಮನ ಬಯಲೆಂದು ಹೆಸರು. ಈ ಅಬ್ರಹಾಮ ಬೈಬಲಿನವನಲ್ಲ, ಅಲ್ಲಿ ನೆಲ ಹೊಂದಿದ್ದ ಒಬ್ಬ ನಾವಿಕ. 1759ರ ಸೆಪ್ಟೆಂಬರ್ 13ರಂದು, ರಾತ್ರಿ ಕಡಿದಾದ ದಡವನ್ನು ಹತ್ತಿ ಬಂದ ಜನರಲ್ ವುಲ್ಫ್‌ನ ಇಂಗ್ಲಿಷು ಸೇನೆಯೂ ಮೋಂಕಾಮ್‌ನ ಫ್ರೆಂಚು ಸೇನೆಯೂ ಇಲ್ಲಿ ಎದುರಾದವು. ಯುದ್ಧ ಅರ್ಧ ಗಂಟೆಯೂ ನಡೆಯಲಿಲ್ಲ. ವುಲ್ಫ್ ಬಯಲಿನಲ್ಲಿಯೇ ಸತ್ತ, ಗಾಯಗೊಂಡ ಮೋಂಕಾಮ್ ಮರುದಿನ ಬೆಳಗ್ಗೆ. ಒಂದು ಖಂಡದ ಭಾಷೆ ತೀರ್ಮಾನವಾಗಿ ಹೋಯಿತು. ಇದೇ ಯುದ್ಧದ ಇನ್ನೊಂದು ರಂಗ ನಮ್ಮ ದಕ್ಷಿಣದಲ್ಲಿತ್ತು. 1761ರ ಜನವರಿಯಲ್ಲಿ ಪಾಂಡಿಚೇರಿ ಬಿದ್ದಿತು. 1763ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸು ಕೆನಡಾವನ್ನು ಬಿಟ್ಟುಕೊಟ್ಟಿತು, ಪಾಂಡಿಚೇರಿಯನ್ನು ಹಿಂದಕ್ಕೆ ಪಡೆಯಿತು. ಮುಂದೆ ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚು ದಂಡು ಬೀಡುಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತು. ಇಂದಿನ ಪಾಂಡವಪುರ ಅದು. ನಮ್ಮ ತಾಯಿಯ ತವರು ಅದರ ಪಕ್ಕದ ಹಳ್ಳಿ.

ಬಂಡೆಯ ಮೇಲಿನ ಉದ್ಯಾನದಲ್ಲಿ, ಗೆದ್ದ ಸೇನಾಪತಿಗೂ ಸೋತ ಸೇನಾಪತಿಗೂ ಸೇರಿಸಿ ಒಂದೇ ಸ್ತಂಭವನ್ನು 1820ರ ದಶಕದಲ್ಲಿ ನಿಲ್ಲಿಸಿದ್ದಾರೆ. ಅದರ ಮೇಲಿನ ಬರಹ ಲ್ಯಾಟಿನ್. ಇಬ್ಬರ ಭಾಷೆಯಲ್ಲಿ ಯಾವುದನ್ನು ಬರೆದರೂ ಇನ್ನೊಬ್ಬರಿಗೆ ನೋಯುತ್ತಿತ್ತು.

ಸೋತ ಅರುವತ್ತು ಎಪ್ಪತ್ತು ಸಾವಿರ ಜನ ಅಲ್ಲಿಯೇ ಉಳಿದರು. 1774ರ ಶಾಸನ ಅವರ ಧರ್ಮವನ್ನೂ ಸಿವಿಲ್ ಕಾನೂನನ್ನೂ ಮರಳಿ ಕೊಟ್ಟಿತು. 1839ರಲ್ಲಿ ಲಾರ್ಡ್ ಡರಹ್ಯಾಮ್ ತನ್ನ ವರದಿಯಲ್ಲಿ, ಇವರು ಚರಿತ್ರೆಯೂ ಸಾಹಿತ್ಯವೂ ಇಲ್ಲದ ಜನ, ಇಂಗ್ಲಿಷಿನಲ್ಲಿ ಕರಗಿಹೋಗುವುದೇ ಇವರಿಗೆ ಹಿತ ಎಂದು ತೀರ್ಪಿತ್ತ. ಅದಕ್ಕೆ ಉತ್ತರ ಕೊಟ್ಟವನು ಕಾಲೇಜಿನ ಮೆಟ್ಟಿಲು ಹತ್ತದ ಒಬ್ಬ ನೋಟರಿ, ಫ್ರಾಂಸ್ವಾ ಕ್ಸಾವಿಯೆ ಗಾರ್ನೊ. ಅವನ ಕೆನಡಾದ ಇತಿಹಾಸದ ಮೊದಲ ಸಂಪುಟ 1845ರಲ್ಲಿ ಹೊರಬಂದಿತು. ಆಲೂರ ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದುದರ ಹಿಂದಿನ ಬೇಗೆಯನ್ನು ಬಲ್ಲ ಕನ್ನಡಿಗನಿಗೆ ಗಾರ್ನೊ ಅಪರಿಚಿತನಲ್ಲ. ಕೋಟೆಯ ಬಾಗಿಲ ಬಳಿ ಅವನ ವಿಗ್ರಹವಿದೆ, ಅಲ್ಲಿಂದ ಕೂಗಳತೆಯಲ್ಲಿ ಶಾಸನಸಭೆಯ ಭವನ. ಅದರ ಬಾಗಿಲ ಮೇಲೆ ಕಾರುಗಳ ಹಿಂದೆ ಕಂಡ ಅದೇ ವಾಕ್ಯವನ್ನು ಕಲ್ಲಿನಲ್ಲಿ ಕೆತ್ತಿದ್ದಾರೆ. ಇಂದು ಪ್ರಾಂತದ ಎಂಬತ್ತೈದು ಲಕ್ಷಕ್ಕೂ ಮಿಕ್ಕ ಜನರಲ್ಲಿ ಮುಕ್ಕಾಲು ಪಾಲಿನಷ್ಟು ಮಂದಿಯ ಮಾತೃಭಾಷೆ ಫ್ರೆಂಚು. 1995ರಲ್ಲಿ ಬೇರೆ ದೇಶವಾಗಬೇಕೆ ಎಂಬ ಜನಮ���ಣನೆಯಲ್ಲಿ ಬೇಡವೆಂದವರು ನೂರಕ್ಕೆ 50.58. ಕೂದಲೆಳೆಯ ಅಂತರ.

ಆದರೆ ‘ನನಗೆ ನೆನಪಿದೆ’ ಎನ್ನುವವರು ಮರೆತದ್ದೂ ಇದೆ. 1639ರಲ್ಲಿ ಇಲ್ಲಿಗೆ ಬಂದು ಹೆಣ್ಣುಮಕ್ಕಳ ಶಾಲೆಯನ್ನು ತೆರೆದ ಮಾರಿ ಎಂಬ ಸಂನ್ಯಾಸಿನಿ ಮೂಲನಿವಾಸಿಗಳ ಭಾಷೆಗಳನ್ನು ಕಲಿತು ಅವುಗಳಿಗೆ ನಿಘಂಟುಗಳನ್ನು ರಚಿಸಿದಳು. ನಮ್ಮ ಕಿಟೆಲರಿಗಿಂತ ಇನ್ನೂರು ವರ್ಷ ಹಿಂದಿನ ಮಾತು. ನಗರದ ಅಂಚಿನಲ್ಲಿಯೇ ವೆಂಡಾಟ್ ಜನರ ಊರಿದೆ. ಅವರ ಭಾಷೆಯನ್ನಾಡುವವರು ಫ್ರೆಂಚಿನ ನೆರಳಿನಲ್ಲಿ ಇಲ್ಲವಾದರು. ಈ ಶತಮಾನದಲ್ಲಿ, ಪಾದ್ರಿಗಳು ಬರೆದಿಟ್ಟ ಹಳೆಯ ನಿಘಂಟುಗಳನ್ನು ಹಿಡಿದು ಅದನ್ನು ಮಕ್ಕಳಿಗೆ ಮತ್ತೆ ಕಲಿಸುತ್ತಿದ್ದಾರೆ. ದೊಡ್ಡ ಭಾಷೆಯ ಎದುರು ದೈನ್ಯಪಡುವವನು ಚಿಕ್ಕ ಭಾಷೆಯ ಎದುರು ತಾನು ಹೇಗಿದ್ದೇನೆಂದು ನೋಡಿಕೊಳ್ಳಬೇಕು. ಕೊಡವ, ತುಳುಗಳ ನೆರೆಯವರಾದ ನಮಗೂ ಇದು ಸಲ್ಲುವ ಮಾತು.

ಕಾಗದದ ಓದು

ನಾವು ಇಳಿದುಕೊಂಡಿದ್ದ ಸಣ್ಣ ವಸತಿಗೃಹದ ಒಡತಿ ಅರುವತ್ತು ದಾಟಿದವರು. ಮೊದಲ ದಿನವೇ ಹುಡುಗಿ ‘ವೀಕೆಂಡ್’ ಎಂದುದನ್ನು ತಿದ್ದಿ, “ನೀನು ಪ್ಯಾರಿಸಿನ ಫ್ರೆಂಚು ಕಲಿತಿದ್ದೀಯೆ, ಪರವಾಗಿಲ್ಲ” ಎಂದು ಕ್ಷಮಿಸಿದ್ದರು. ಮರುದಿನ ಬೆಳಗಿನ ಉಪಾಹಾರದ ಮೇಜಿನಲ್ಲಿ ಲಕೋಟೆಯನ್ನು ಅವರ ಮುಂದಿಟ್ಟೆವು. ಕನ್ನಡಕವನ್ನು ಒರೆಸಿಕೊಂಡು ನಿಧಾನವಾಗಿ ಓದತೊಡಗಿದರು. ಒಂದು ವಾಕ್ಯ ಓದುವುದು, ಹುಡುಗಿ ಅದನ್ನು ಇಂಗ್ಲಿಷಿಗೆ ತರುವುದು. ತಿಳಿಯದ ಮಾತಿಗೆ ಒಡತಿ ಕೈಸನ್ನೆ ಮಾಡುವುದು.

ಅದರಲ್ಲಿ ಅಂಥ ವಿಶೇಷವೇನೂ ಇರಲಿಲ್ಲ. ಹಿಮ ಇನ್ನೂ ಹೊಸಿಲಿನವರೆಗೆ ಇದೆ. ಮರಗಳಿಗೆ ಬೋಗುಣಿ ಕಟ್ಟಿದ್ದೇವೆ. ಕೆಂಪು ಹಸು ಕರು ಹಾಕಿತು. ಒಣಹುಲ್ಲಿಗೆ ಬೆಲೆಯೇ ಇಲ್ಲ. ಊರಿಗೆ ಹೊಸ ಪಾದ್ರಿ ಬಂದಿದ್ದಾರೆ, ಉಪದೇಶ ಬಹಳ ಉದ್ದ. ಕ್ರಿಸ್ತಜಯಂತಿಗೆ ನೀನು ಬರೆದ ಕಾಗದ ತಲುಪಿತು, ಎರಡೇ ಪುಟವಿತ್ತು. ಮೊದಲು ನಾಲ್ಕು ಪುಟ ಬರೆಯುತ್ತಿದ್ದೆ, ಕೈ ನೋಯುತ್ತಿದೆಯೇ? ಕೊನೆಯಲ್ಲಿ ನಿನ್ನ ದೊಡ್ಡ ಮಗ ಇಂಗ್ಲಿಷಿನಲ್ಲಿ ಒಂದು ಸಾಲು ಬರೆದಿದ್ದಾನಲ್ಲ, ಅದನ್ನು ಪಾದ್ರಿಗಳ ಹತ್ತಿರ ಓದಿಸಿದೆ. ಚೆನ್ನಾಗಿದೆಯಂತೆ.

ಒಡತಿ ಅಲ್ಲಿಗೆ ಓದನ್ನು ನಿಲ್ಲಿಸಿ ಕಿಟಕಿಯ ಕಡೆ ನೋಡಿದರು. ‘ಚೆನ್ನಾಗಿದೆಯಂತೆ’ ಎಂಬ ಮಾತನ್ನು ಹುಡುಗಿ ಇಂಗ್ಲಿಷಿಗೆ ತರಲು ಎರಡು ಸಲ ಯತ್ನಿಸಿದಳು. ಆ ‘ಅಂತೆ’ ಸಿಕ್ಕಲಿಲ್ಲ. ಅದು ಕನ್ನಡದಲ್ಲಿ ಒಂದೇ ಪ್ರತ್ಯಯದಿಂದ ಆಗುವ ಕೆಲಸವೆಂದು ನಾನು ಹೇಳಲಿಲ್ಲ. ಅವಳೇ ತಾಯಿಯ ಕಡೆ ತಿರುಗಿ, “ಚೆನ್ನಾಗಿದೆ ಅಂತೆ ಅಮ್ಮಾ” ಎಂದಳು.

ಮರಳುವ ದಾರಿಯಲ್ಲಿ ಗಡಿಯ ಡರ್ಬಿ ಲೈನ್ ಎಂಬ ಊರಿನಲ್ಲಿ ಒಂದು ಗ್ರಂಥಾಲಯವನ್ನು ಕಂಡೆವು. ಕಳೆದ ಶತಮಾನದ ಮೊದಲಲ್ಲಿ ಬೇಕೆಂದೇ ಗಡಿರೇಖೆಯ ಮೇಲೆ ಕಟ್ಟಿದ್ದು. ಓದುವ ಕೋಣೆಯ ನೆಲದ ಮೇಲೆ ಕಪ್ಪು ಗೆರೆ ಹಾಯ್ದಿದೆ. ಬಾಗಿಲು ಅಮೆರಿಕದಲ್ಲಿ, ಪುಸ್ತಕಗಳು ಕೆನಡಾದಲ್ಲಿ, ಎರಡೂ ಭಾಷೆಗಳ ಪುಸ್ತಕಗಳು. ನಾವು ಹೋದಾಗ ಕೆನಡಾದವರು ಕಾಲುದಾರಿಯಲ್ಲಿ ಹಾಗೆಯೇ ನಡೆದು ಬರುತ್ತಿದ್ದರು. 2025ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ನಿರ್ಬಂಧ ಹೇರಿತು. ಗ್ರಂಥಾಲಯದವರು ಆ ಕಡೆಗೆ ಬೇರೊಂದು ಬಾಗಿಲನ್ನು ಮಾಡಿಕೊಳ್ಳಬೇಕಾಯಿತು.

ನ್ಯಾಷುವಾದಲ್ಲಿ ಹುಡುಗಿ ತಾನು ಬರೆದುಕೊಂಡಿದ್ದ ಭಾಷಾಂತರವನ್ನು ಮುದುಕರಿಗೆ ಕೊಟ್ಟಳು. ಅವರು ಅದನ್ನು ಓದಿ ಮಡಿಸಿಟ್ಟು, ಮೂಲವನ್ನು ಒಂದು ಸಲ ಗಟ್ಟಿಯಾಗಿ ಓದೆಂದರು. ಅರ್ಥ ತಿಳಿಯದ ಆ ನಾಲ್ಕು ಪುಟಗಳನ್ನು ತಲೆ ತಗ್ಗಿಸಿ ಕೊನೆಯವರೆಗೂ ಕೇಳಿದರು.

ಮೈಸೂರಿಗೆ ಬಂದು ಇದನ್ನೆಲ್ಲ ತಾಯಿಗೆ ಹೇಳಿದೆ. ಅವರು ಏನೂ ಅನ್ನಲಿಲ್ಲ. ನಾಲ್ಕು ದಿನದ ಮೇಲೆ ಒಂದು ಲಕೋಟೆ ತರಿಸಿಕೊಂಡು ಮೊಮ್ಮಗಳಿಗೆ ದಪ್ಪ ಅಕ್ಷರಗಳಲ್ಲಿ ಕಾಗದ ಬರೆದರು. ತಮ್ಮ ತವರುಮನೆಯ ವಿಷಯ. ಉತ್ತರ ಬರಲು ಒಂದೂವರೆ ತಿಂಗಳು ಹಿಡಿಯಿತು. ನಾಲ್ಕೇ ಸಾಲು, ಐದು ತಪ್ಪು. ದಿನವೂ ಕೆಂಪು ಶಾಯಿ ಹಿಡಿಯುವ ನನ್ನ ಕೈ ಸುಮ್ಮನಿದ್ದಿತು. ಇದರಿಂದ ಒಂದು ಭಾಷೆ ಉಳಿಯುತ್ತದೆಂದು ಹೇಳುವ ಧೈರ್ಯ ನನಗಿಲ್ಲ. ಕೊನೆಯ ಸಾಲಿನಲ್ಲಿ ಒಂದು ಪ್ರಶ್ನೆಯಿತ್ತು: “ಅಜ್ಜಿ, ಪಡಸಾಲೆ ಅಂದರೆ ಏನು?”

ಆ ಒಂದು ಪದಕ್ಕೆ ಅರ್ಥ ಬರೆಯಲು ನನ್ನ ತಾಯಿ ಎರಡು ಪುಟ ತೆಗೆದುಕೊಂಡರು.